ಅಡ್ಡಹೆಸರಿನ ಹಿಂದೆ

ನಮ್ಮ ದೋಣಿಮಲೈ ಹಳೆಯ ಊರಲ್ಲ. 1977ರಲ್ಲಿ ಎನ್.ಎಂ.ಡಿ.ಸಿ.ಯವರ ಕಬ್ಬಿಣದ ಅದಿರಿನ ಗಣಿ ಶುರುವಾದ ಮೇಲೆ ಬೆಳೆದ ಕಾಲೊನಿ. ನಾಲ್ಕೂ ದಿಕ್ಕಿನ ಜನ ಇಲ್ಲಿ ಸೇರಿದ್ದಾರೆ. ಹಾಜರಿ ಪುಸ್ತಕ ಬಿಡಿಸಿದರೆ ಸಾಕು, ಗೊತ್ತಾಗುತ್ತದೆ. ತೆಲುಗರ ಮನೆತನದ ಹೆಸರು ಮೊದಲಿಗೆ ಬರುತ್ತದೆ. ಧಾರವಾಡ, ಬಾಗಲಕೋಟೆ ಕಡೆಯವರದು ಕೊನೆಗೆ. ಹಳೆ ಮೈಸೂರಿನವರಿಗೆ ಎರಡು ಇನಿಷಿಯಲ್ ಆದರೆ ಆಯಿತು, ಒಂದು ಊರಿನದು, ಇನ್ನೊಂದು ತಂದೆಯದು.

ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಹೆಸರು ಕೂಗಿದಾಗ ಹೊರಗಿನಿಂದ ಬಂದ ಮಕ್ಕಳು ನಗುತ್ತಾರೆ. ಹೆಸರಿನವರು ತಲೆ ತಗ್ಗಿಸುತ್ತಾರೆ. ಆಗ ನಾನು ಪಾಠ ಬದಿಗಿಟ್ಟು ಈ ಕಥೆ ಹೇಳುತ್ತೇನೆ. ಕಮ್ಮಾರ, ಬಡಿಗೇರ ಎಂಬವು ಕಸುಬಿನಿಂದ ಬಂದವು. ಓಲೇಕಾರ ಎಂದರೆ ಓಲೆ ಒಯ್ಯುವವನು. ತಳವಾರ ಊರು ಕಾಯುವವನು. ಕುಲಕರ್ಣಿ ಊರಿನ ಲೆಕ್ಕ ಬರೆದವನು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆ ರದ್ದು ಮಾಡಿತು. ಅಧಿಕಾರ ಹೋಯಿತು, ಹೆಸರು ಉಳಿಯಿತು.

ಸೊಂಡೂರನ್ನು 1949ರವರೆಗೆ ಆಳಿದವರು ಘೋರ್ಪಡೆ ಮನೆತನದವರು. ಮರಾಠಿಯಲ್ಲಿ ಘೋರಪಡ ಎಂದರೆ ನಮ್ಮ ಉಡ. ಅವರ ಪೂರ್ವಿಕನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದನೆಂಬುದು ಐತಿಹ್ಯ. ಅರಸರ ಹೆಸರೇ ಉಡವಾದ ಮೇಲೆ ಉಳ್ಳಾಗಡ್ಡಿಗೆ ನಾಚಿಕೆ ಏಕೆ? ಇಲ್ಲಿನ ತಾಂಡಾಗಳ ಲಂಬಾಣಿಗರಲ್ಲಿ ರಾಠೋಡ, ಚವ್ಹಾಣ, ಪವಾರ ಮುಂತಾದವು ಕುಲದ ಹೆಸರುಗಳು. ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವುದಿಲ್ಲವಾದ್ದರಿಂದ ಸಂಬಂಧ ನೋಡುವಾಗ ಮೊದಲು ಕೇಳುವುದು ಅದನ್ನೇ.

ದೂರದ ರಷ್ಯದಲ್ಲೂ ಹೀಗೆಯೇ. ಕುಜ್ನೆತ್ಸೋವ್ ಎಂದರೆ ಕಮ್ಮಾರನ ಮನೆಯವನು. ಟಾಲ್‌ಸ್ಟಾಯ್ ಎಂದರೆ ದಪ್ಪಗಿನವನು. ಅಲ್ಲಿನ ಅನೇಕ ರೈತರಿಗೆ ಕಾಗದದ ಮೇಲೆ ಅಡ್ಡಹೆಸರು ಬಂದದ್ದೇ 1861ರಲ್ಲಿ ಜೀತ ರದ್ದಾದ ಮೇಲೆ. ಹೆಣ್ಣಿಗೆ ಮಾತ್ರ ಆ ಹೆಸರಿನ ಕೊನೆ ಬದಲಾಗುತ್ತದೆ. ಟಾಲ್‌ಸ್ಟಾಯ್ ಕಾದಂಬರಿಯ ಅನ್ನಾಳ ಗಂಡ ಕರೆನಿನ್, ಆಕೆ ಕರೆನಿನಾ. ತವರಿನಲ್ಲಿ ಆಕೆ ಒಬ್ಲೋನ್‌ಸ್ಕಯಾ ಆಗಿದ್ದಳು. ಪುಸ್ತಕದ ಮೇಲೆ ಉಳಿದದ್ದು ಗಂಡನ ಮನೆಯದು.

ನಮ್ಮ ಪಾಡೂ ಅದೇ ಅಲ್ಲವೆ? ನನ್ನ ಪರಿಚಯದ ಒಬ್ಬ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಪಿಂಚಣಿಗಾಗಿ ತಿಂಗಳುಗಟ್ಟಲೆ ಅಲೆದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆಯದು, ಆಧಾರ್ ಕಾರ್ಡಿನಲ್ಲಿ ಬರೀ ಇನಿಷಿಯಲ್. ಮೂವರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಮದುವೆಯಾದವಳು ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಈ ಮಾತು ಎಷ್ಟು ತಾಯಂದಿರಿಗೆ ಗೊತ್ತು? ಬದಲಿಸುವುದೂ ಬಿಡುವುದೂ ಆಕೆಯ ಇಷ್ಟ. ಬದಲಿಸಿದರೆ ಎಲ್ಲ ಕಾಗದಗಳಲ್ಲೂ ಒಂದೇ ಥರ ಇರಲಿ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ನೋಡಿ. ಬಸವಣ್ಣನವರ ಆಪ್ತ ಹಡಪದ ಅಪ್ಪಣ್ಣ. ಹಡಪವೆಂದರೆ ಎಲೆಯಡಿಕೆಯ ಚೀಲ. ಅವರ ಪತ್ನಿ ಲಿಂಗಮ್ಮ ಸ್ವತಃ ವಚನಕಾರ್ತಿ. ಆದರೂ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ ಎಂದೇ ಪುಸ್ತಕಗಳಲ್ಲಿ ಅವರ ಗುರುತು. ನೂಲುವ ಕಾಯಕದ ಇನ್ನೊಬ್ಬಾಕೆಯ ಹೆಸರು ಕದಿರ ರೆಮ್ಮವ್ವೆ. ಆಕೆಯ ಹೆಸರಿನ ಹಿಂದೆ ತಂದೆಯೂ ಇಲ್ಲ, ಗಂಡನೂ ಇಲ್ಲ. ಕೈಯಲ್ಲಿದ್ದ ಕದಿರೇ ಇದೆ.

ಕನ್ನಡದ ಹೆಣ್ಣೊಬ್ಬಳು ತನ್ನ ದುಡಿಮೆಯಿಂದಲೇ ಹೆಸರು ಪಡೆದು ಎಂಟು ನೂರು ವರ್ಷದ ಮೇಲಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕು.