ಲಿನಕ್ಸ್ ಕರ್ನಲ್‌ನ ಗಿಟ್ ದಾಖಲೆಯಲ್ಲಿ 2005ರ ಏಪ್ರಿಲ್ 16: ಒಂದು ಟಿಪ್ಪಣಿ

1. ಪ್ರಶ್ನೆ

ಲಿನಕ್ಸ್ ಕರ್ನಲ್‌ನ ಹಳೆಯ ಸೋರ್ಸ್ ಫೈಲೊಂದರ ಮೇಲೆ ‘ಗಿಟ್ ಬ್ಲೇಮ್’ ಆದೇಶ ನಡೆಸಿದರೆ ಹಲವು ಸಾಲುಗಳ ಎದುರು ಲೈನಸ್ ಟೊರ್ವಾಲ್ಡ್ಸ್ ಹೆಸರೂ 2005-04-16 15:20:36 -0700 ಎಂಬ ಸಮಯವೂ ಕಾಣುತ್ತವೆ. ಇದನ್ನು ಕರ್ತೃತ್ವದ ಸಾಕ್ಷ್ಯವೆಂದು ಓದುವಂತಿಲ್ಲ. ಕಮಿಟ್ ಗುರುತಿಗೆ ಮೊದಲು ಬರುವ ^ ಚಿಹ್ನೆಯನ್ನು ಗಮನಿಸಬೇಕು: ಹುಡುಕಾಟ ದಾಖಲೆಯ ಗಡಿ ಮುಟ್ಟಿದೆ ಎಂಬುದಷ್ಟೇ ಅದರ ಅರ್ಥ.

2. ದಿನಾಂಕಗಳ ವ್ಯತ್ಯಾಸ

ಏಪ್ರಿಲ್ 16ರ ಈ ಕಮಿಟ್‌ನಲ್ಲಿರುವುದು ಕರ್ನಲ್‌ನ 2.6.12-ಆರ್‌ಸಿ2 ಆವೃತ್ತಿ. ಆ ಆವೃತ್ತಿ ಬಿಡುಗಡೆಯಾದದ್ದು ಏಪ್ರಿಲ್ 4ರಂದು. ಕಮಿಟ್ ಆದದ್ದು 12 ದಿನಗಳ ನಂತರ. ಎಂದರೆ ಏಪ್ರಿಲ್ 16 ಎಂಬುದು ಕೋಡ್ ಗಿಟ್‌ಗೆ ಸೇರಿದ ದಿನ. ಗಿಟ್ ತಂತ್ರಾಂಶದ್ದೇ ಮೊದಲ ಕಮಿಟ್ ಏಪ್ರಿಲ್ 7ರ 15:13:13ರದ್ದು, ಅದೇ ಕಾಲವಲಯದ್ದು. ಎರಡರ ನಡುವಿನ ಅಂತರ 9 ದಿನ, 7 ನಿಮಿಷ, 23 ಸೆಕೆಂಡು.

ಸೆಕೆಂಡಿನ ಈ ನಿಖರತೆಯನ್ನು ಎಚ್ಚರದಿಂದ ಬಳಸಬೇಕು. ಗಿಟ್ ಸಮಯವನ್ನು ಪಡೆಯುವುದು ಕಮಿಟ್ ಮಾಡುವವರ ಕಂಪ್ಯೂಟರಿನ ಗಡಿಯಾರದಿಂದ. ಬಳಕೆದಾರರು ಬೇರೆ ಸಮಯವನ್ನೂ ಕೊಡಬಹುದು. ಆದರೆ ಒಮ್ಮೆ ದಾಖಲಾದ ಸಮಯ ಹ್ಯಾಶ್‌ನ ಲೆಕ್ಕಕ್ಕೆ ಸೇರುವುದರಿಂದ, ಆಮೇಲೆ ತಿದ್ದಿದರೆ ಮುಂದಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಹಾಗಾಗಿ 2005ರ ನಂತರ ಯಾರೋ ತಿದ್ದಿರಬಹುದೆಂಬ ಶಂಕೆಗೆ ಆಸ್ಪದ ಕಡಿಮೆ. ಭಾರತೀಯ ಕಾಲಮಾನದಲ್ಲಿ ಕರ್ನಲ್ ಕಮಿಟ್‌ನ ಕ್ಷಣ ಏಪ್ರಿಲ್ 17ರ ನಸುಕಿನ 03:50:36 ಆಗುತ್ತದೆ. ಸ್ಥಳೀಯ ಸಮಯ ತೋರಿಸುವ ಆಯ್ಕೆ ಬಳಸಿದವರಿಗೆ ಬೇರೆ ದಿನಾಂಕ ಕಾಣುವುದು ಈ ಕಾರಣಕ್ಕೆ. ಉಲ್ಲೇಖಿಸುವಾಗ ಕಾಲವಲಯವನ್ನೂ ನಮೂದಿಸುವುದು ಒಳ್ಳೆಯದು.

3. ಹಿಂದಿನ ಇತಿಹಾಸ

2002ರ ಫೆಬ್ರವರಿಯಿಂದ ಟೊರ್ವಾಲ್ಡ್ಸ್ ಕರ್ನಲ್‌ನ ಬದಲಾವಣೆಗಳನ್ನು ದಾಖಲಿಸಲು ಬಿಟ್‌ಕೀಪರ್ ತಂತ್ರಾಂಶ ಬಳಸುತ್ತಿದ್ದರು. ಅದರ ಉಚಿತ ಬಳಕೆಯ ಅವಕಾಶ 2005ರಲ್ಲಿ ಹಿಂತೆಗೆಯಲ್ಪಟ್ಟಿತು. ಅದರಲ್ಲಿ ದಾಖಲಾದ ಇತಿಹಾಸ ನಷ್ಟವಾಗಿರಲಿಲ್ಲ. ಅದು ಕೈಯಲ್ಲಿದೆ, ಗಿಟ್‌ಗೆ ತಂದರೆ ಸುಮಾರು 3.2 ಜಿಬಿ ಆಗುತ್ತದೆ, ಸದ್ಯಕ್ಕೆ ಬೇಡ ಎಂಬ ಆಶಯದ ಮಾತು ಕರ್ನಲ್‌ನ ಮೊದಲ ಕಮಿಟ್‌ನ ಸಂದೇಶದಲ್ಲೇ ಇದೆ. ಗಿಟ್‌ಗೆ ಪ್ಯಾಕ್ ಫೈಲುಗಳು ಬಂದದ್ದು ಇದಾದ ಮೇಲೆ. ಆದ್ದರಿಂದ ಈ ಗಾತ್ರವನ್ನು ಇಂದಿನ ರೆಪೊಸಿಟರಿಗಳ ಗಾತ್ರದೊಂದಿಗೆ ನೇರವಾಗಿ ಹೋಲಿಸಲಾಗದು.

ಇದೇ ಗಡಿಯ ಇನ್ನೊಂದು ಕುರುಹು 2.6.11ರ ಟ್ಯಾಗ್. ಅದು ಯಾವ ಕಮಿಟ್ಟನ್ನೂ ಸೂಚಿಸದೆ ನೇರವಾಗಿ ಟ್ರೀ ಆಬ್ಜೆಕ್ಟ್ ಒಂದನ್ನು ಸೂಚಿಸುತ್ತದೆ. ಆ ಆವೃತ್ತಿ ಗಿಟ್‌ಗಿಂತ ಹಿಂದಿನದಾದ್ದರಿಂದ ಅದಕ್ಕೆ ಕಮಿಟ್ ಇಲ್ಲ ಎಂಬ ವಿವರಣೆ ಟ್ಯಾಗ್‌ನ ಸಂದೇಶದಲ್ಲೇ ಸಿಗುತ್ತದೆ. ಕಮಿಟ್ ನಿರೀಕ್ಷಿಸುವ ಸ್ಕ್ರಿಪ್ಟುಗಳು ಇಲ್ಲಿ ಎಡವಬಹುದು.

4. ‘ಮೊದಲ ಕಮಿಟ್’ ಎಂಬ ಪ್ರಯೋಗ

ಏಪ್ರಿಲ್ 16ರದ್ದು ಕಾಲಾನುಕ್ರಮದಲ್ಲಿ ಮೊದಲನೆಯದು, ಆದರೆ ಪೂರ್ವಜರಿಲ್ಲದ ಏಕೈಕ ಕಮಿಟ್ ಅಲ್ಲ. ಕರ್ನಲ್‌ನ ಬಿಟಿಆರ್‌ಎಫ್‌ಎಸ್, ಗ್ರೇಬಸ್ ಮೊದಲಾದ ಭಾಗಗಳು ಪ್ರತ್ಯೇಕವಾಗಿ ಬೆಳೆದು ತಮ್ಮ ಇತಿಹಾಸದ ಸಮೇತ ವಿಲೀನವಾದವು. ಅವುಗಳ ಮೂಲ ಕಮಿಟ್‌ಗಳೂ ಇದೇ ರೆಪೊಸಿಟರಿಯಲ್ಲಿವೆ.

5. ಗಡಿಯಾಚೆಗೆ

ಬಿಟ್‌ಕೀಪರ್ ಕಾಲದ ಬದಲಾವಣೆಗಳನ್ನು ಥಾಮಸ್ ಗ್ಲೈಕ್ಸ್‌ನರ್ ಪ್ರತ್ಯೇಕ ಗಿಟ್ ರೆಪೊಸಿಟರಿಯಾಗಿ ಒದಗಿಸಿದ್ದಾರೆ. ‘ಗಿಟ್ ರಿಪ್ಲೇಸ್’ ಮೂಲಕ ಅದನ್ನು ಮುಖ್ಯ ದಾಖಲೆಗೆ ಜೋಡಿಸಿದರೆ ಬ್ಲೇಮ್ 2002ರವರೆಗೆ ಹಿಂದಕ್ಕೆ ಹೋಗುತ್ತದೆ. ಇದು ಪರಿವರ್ತಿತ ದಾಖಲೆ ಎಂಬುದು ನೆನಪಿರಬೇಕು. ಅದಕ್ಕೂ ಹಿಂದೆ, 1991ರ ಸೆಪ್ಟೆಂಬರಿನ 0.01 ಆವೃತ್ತಿಯವರೆಗೆ, ಮುಖ್ಯ ಆಧಾರ ಬಿಡುಗಡೆಯಾದ ಆವೃತ್ತಿಗಳೇ. ಅವುಗಳಿಂದ ಒಂದು ಸಾಲಿನ ಕಾಲವನ್ನು ಹೆಚ್ಚೆಂದರೆ ಎರಡು ಬಿಡುಗಡೆಗಳ ನಡುವೆ ಇರಿಸಬಹುದು. ಬರೆದವರ ಹೆಸರನ್ನು ನಿರ್ಧರಿಸಲಾಗದು.