ಛಾಯಾಚಿತ್ರಕರ್ತ್ರಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್

ಛಾಯಾಚಿತ್ರವೆಂದರೆ ರೇಖೆರೇಖೆಯೂ ಸ್ಫುಟವಾಗಿರಬೇಕು, ಮಸಕಾದುದು ಕೆಟ್ಟ ಪಟವೆಂದೆಣಿಸುವುದು ಲೋಕರೂಢಿ. ಆ ಕಲೆಯ ಬಾಲ್ಯದಲ್ಲಿಯೇ ಈ ರೂಢಿಯನ್ನು ಎದುರಿಸಿ ನಿಂತವಳು ಒಬ್ಬ ಗೃಹಿಣಿ. ಜೂಲಿಯಾ ಮಾರ್ಗರೆಟ್ ಎಂಬ ಈಕೆಯು 1815ರಲ್ಲಿ ಕಲ್ಕತ್ತೆಯಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯೊಬ್ಬನ ಮಗಳಾಗಿ ಜನಿಸಿದಳು. 1838ರಲ್ಲಿ ಅದೇ ನಗರದಲ್ಲಿ ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಚಾರ್ಲ್ಸ್ ಹೇ ಕ್ಯಾಮೆರಾನನ ಕೈಹಿಡಿದಳು. ಮೆಕಾಲೆಯೊಡನೆ ಭಾರತದ ದಂಡಸಂಹಿತೆಯ ಕರಡಿಗಾಗಿ ದುಡಿದ ನ್ಯಾಯಶಾಸ್ತ್ರಜ್ಞರಲ್ಲಿ ಆತನೊಬ್ಬನು. ಈ ಮನೆತನದ ಹೆಸರಿಗೂ ಕ್ಯಾಮೆರಾ ಯಂತ್ರದ ಹೆಸರಿಗೂ ಇರುವ ಸಾಮ್ಯವು ಕೇವಲ ಕಾಕತಾಳೀಯವು. ದಂಪತಿಗಳು 1848ರಲ್ಲಿ ಇಂಗ್ಲೆಂಡಿಗೆ ತೆರಳಿ, 1860ರಲ್ಲಿ ವೈಟ್ ಎಂಬ ದ್ವೀಪದ ಫ್ರೆಷ್‌ವಾಟರ್ ಗ್ರಾಮದಲ್ಲಿ, ಕವಿ ಟೆನ್ನಿಸನ್ನನ ನೆರೆಯಲ್ಲಿ ನೆಲೆಸಿದರು.

1863ರ ಕೊನೆಯಲ್ಲಿ ಪತಿಯು ಸಿಂಹಳದ ಕಾಫಿ ತೋಟಗಳಿಗೆ ಹೋಗಿದ್ದಾಗ, ತಾಯಿಯ ಬೇಸರ ಕಳೆಯಲೆಂದು ಮಗಳೂ ಅಳಿಯನೂ ಒಂದು ಕ್ಯಾಮೆರಾವನ್ನು ಕಾಣಿಕೆಯಿತ್ತರು. ಆಗ ಆಕೆಗೆ ನಲವತ್ತೆಂಟು ವರ್ಷ. ಕಲ್ಲಿದ್ದಲಿನ ಕೋಣೆಯು ಕತ್ತಲೆಮನೆಯಾಯಿತು; ಗಾಜು ಹಾಕಿದ್ದ ಕೋಳಿಗೂಡು ಚಿತ್ರಶಾಲೆಯಾಯಿತು. ಕೋಳಿಗಳ ಗತಿ ಏನಾಯಿತೋ! ಅಂದಿನ ವಿಧಾನವು ಬಹು ಪ್ರಯಾಸದ್ದು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗಾಗಿ ಪಟವನ್ನು ಹಿಡಿದು, ಕತ್ತಲೆಯಲ್ಲಿ ತೊಳೆದು ಮುಗಿಸಬೇಕು. ಎದುರಿಗೆ ಕುಳಿತವರು ಹಲವು ನಿಮಿಷ ಅಲುಗದೆ ಇರಬೇಕು. 1864ರ ಜನವರಿಯಲ್ಲಿ ಆನಿ ಫಿಲ್ಪಾಟ್ ಎಂಬ ಬಾಲಿಕೆಯ ಪಟವು ಸರಿಯಾಗಿ ಮೂಡಲು, ಅದನ್ನೇ ತನ್ನ ಪ್ರಥಮ ಸಿದ್ಧಿಯೆಂದು ಆಕೆಯು ಕರೆದಳು.

ಮಸಕು ಮೊದಲು ಬಂದುದು ಆಕಸ್ಮಿಕವಾಗಿಯೇ; ಇದನ್ನು ಆಕೆಯೇ 1874ರಲ್ಲಿ ಬರೆದ ಅಪೂರ್ಣ ಆತ್ಮಕಥನದಲ್ಲಿ ಒಪ್ಪಿಕೊಂಡಿರುವಳು. ಆದರೆ ಮಸೂರವನ್ನು ತಿರುಗಿಸುವಾಗ ಯಾವ ಘಟ್ಟದಲ್ಲಿ ಸೌಂದರ್ಯವು ಕಂಡಿತೋ ಅಲ್ಲಿಯೇ ಕೈಯನ್ನು ನಿಲ್ಲಿಸುವುದು, ಅದಕ್ಕಿಂತ ಸ್ಫುಟಗೊಳಿಸದಿರುವುದು, ಆಕಸ್ಮಿಕವಲ್ಲ. ಲಂಡನ್ನಿನ ಛಾಯಾಚಿತ್ರಜ್ಞರು ಇದನ್ನು ಹಸ್ತಕೌಶಲದ ಕೊರತೆಯೆಂದೇ ಬಗೆದರು. ಫಲಕದ ಮೇಲಿನ ಕಲೆ, ಬಿರುಕುಗಳನ್ನೂ ಎತ್ತಿ ಆಡಿದರು. ಈ ಕಲೆಗಳ ವಿಷಯದಲ್ಲಿ ಅವರ ಮಾತು ಪೂರ್ತಿ ಅನ್ಯಾಯವಲ್ಲ. ಆದರೆ ಯಾವ ಸ್ಫುಟತೆಯು ಶಾಸ್ತ್ರೀಯವೆಂದು ವಿಧಿಸಲು ಯಾರಿಗೆ ಅಧಿಕಾರವೆಂದು ಆಕೆಯು ಮಿತ್ರನಾದ ಖಗೋಲಜ್ಞ ಸರ್ ಜಾನ್ ಹರ್ಷೆಲ್ಲನಿಗೆ ಬರೆದ ಪತ್ರದಲ್ಲಿ ಕೇಳಿದ ಪ್ರಶ್ನೆಗೆ ಆ ಪಂಡಿತರಲ್ಲಿ ಉತ್ತರವಿರಲಿಲ್ಲ. ಬರ್ಲಿನ್ನಿನಲ್ಲಿಯಾದರೋ 1866ರಲ್ಲಿ ಸುವರ್ಣಪದಕವೇ ದೊರೆಯಿತು.

1867ರಲ್ಲಿ ತೆಗೆದ ಹರ್ಷೆಲ್ಲನ ಪಟವನ್ನು ಕಂಡವರು ಈ ವಿವಾದವನ್ನೇ ಮರೆಯುವರು. ಸುತ್ತಲೂ ಗಾಢಾಂಧಕಾರ; ಅದರ ನಡುವೆ ಕೆದರಿದ ಬಿಳಿಗೂದಲಿನ ವೃದ್ಧಮುಖ, ನೀರಾಡುವ ಕಣ್ಣುಗಳು. ಕಾರ್ಲೈಲ್, ಡಾರ್ವಿನ್ ಮೊದಲಾದವರೂ ಆಕೆಯ ಎದುರು ಕುಳಿತರು. ಮನೆಯ ದಾಸಿಯಾದ ಮೇರಿ ಹಿಲಿಯರಳು ಅನೇಕ ಪಟಗಳಲ್ಲಿ ದೇವಮಾತೆ ಮೇರಿಯಾಗಿ ಕಾಣಿಸಿಕೊಂಡಿರುವಳು. ಮಸೂರದ ಮುಂದೆ ಮಹಾಕವಿಗೂ ದಾಸಿಗೂ ಒಂದೇ ಪಂಕ್ತಿ!

ಕೀರ್ತಿಯೊಡನೆ ಸಂಪತ್ತು ಬರಲಿಲ್ಲ. ತೋಟಗಳ ಆದಾಯವು ಕುಗ್ಗಿದ್ದಿತು. ಪಟಗಳನ್ನು ಮಾರಿದರೂ ಸಂಸಾರದ ಭಾರವು ಇಳಿಯಲಿಲ್ಲ. 1875ರಲ್ಲಿ ದಂಪತಿಗಳು ಸಿಂಹಳಕ್ಕೆ ಹೊರಟರು. ಸಾಮಾನುಗಳ ಜೊತೆಗೆ ಶವಪೆಟ್ಟಿಗೆಗಳನ್ನೂ, ಒಂದು ಹಸುವನ್ನೂ ಕೊಂಡೊಯ್ದರೆಂದು ಪ್ರತೀತಿ. ಅಲ್ಲಿಯೂ ಆಕೆಯು ತೋಟದ ಕೂಲಿಗಳನ್ನೂ ಗ್ರಾಮಸ್ಥರನ್ನೂ ನಿಲ್ಲಿಸಿ ಪಟಗಳನ್ನು ತೆಗೆದಳು. ಅವುಗಳಲ್ಲಿ ಕೆಲವೇ ಉಳಿದಿವೆ. 1879ರ ಜನವರಿ 26ರಂದು ಆಕೆಯು ಸಿಂಹಳದ ಬೆಟ್ಟಸೀಮೆಯಲ್ಲಿ ತೀರಿಕೊಂಡಳು. ಬೋಗವಂತಲಾವದ ಇಗರ್ಜಿಯ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಮರುವರ್ಷ ಮೃತನಾದ ಪತಿಯೂ ಅಲ್ಲಿಯೇ ಮಲಗಿರುವನು.