ಪಕ್ಕದ ಸೀಟಿನಲ್ಲಿ ಒಬ್ಬ ಅಕ್ಕೋರು

ನಮ್ಮ ಶಾಲೆಯ ಅಕ್ಕೋರೊಬ್ಬರ ಕಲಿಕಾ ಲೈಸನ್ಸು ಒಮ್ಮೆ ಹಾಗೇ ಮುಗಿದುಹೋಯಿತು. ಕಲಿಕಾ ಲೈಸನ್ಸಿನ ಆಯುಷ್ಯ ಆರು ತಿಂಗಳು. ಆ ಆರು ತಿಂಗಳಲ್ಲಿ ಅವರು ಒಂದು ದಿನವೂ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮನೆಯಲ್ಲಿ ಕಾರು ಇತ್ತು. ದಿನಾ ಎಸ್.ಟಿ. ತಪ್ಪಿದರೆ ವಡಾಪ್, ವಡಾಪ್ ತಪ್ಪಿದರೆ ಯಾರದೋ ಗಾಡಿಗೆ ಕೈ ಮಾಡುವ ಪಾಡು ಸಾಕಾಗಿತ್ತು. ಗಂಡ ಬೇಡ ಅಂದಿರಲಿಲ್ಲ. ಮತ್ತೇಕೆ ಕಲಿಯಲಿಲ್ಲ ಎಂದು ಕೇಳಿದರೆ ಅವರು ಹೇಳಿದ್ದು ಒಂದೇ ಮಾತು: "ಬಾಜೂಕ ಹೆಣ್ಮಗಳು ಕುಂತು ಕಲಿಸಿದ್ರ ಕಲೀತೀನ್ರಿ. ಇಲ್ಲಾಂದ್ರ ಬ್ಯಾಡ."

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳಬೇಕು. "ಅಕ್ಕೋರ, ಬ್ರೇಕಿಗೆ ಗಂಡು ಹೆಣ್ಣು ಗೊತ್ತಿರತೈತೇನ್ರಿ?" ಎಂದು ಗುರೂಜಿಯೊಬ್ಬರು ಕೇಳಿದ್ದೂ ಆಯಿತು. ಆದರೆ ಇತಿಹಾಸ ಪಾಠ ಮಾಡುವ ನಮಗೆ ಮನೆಗೆ ಹೋದ ಮೇಲೆ ಆ ಮಾತು ಬಿಡಲಿಲ್ಲ. ಗಾಡಿ ಓಡಿಸಿದ ಹೆಂಗಸರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಅವರ ಪಕ್ಕದಲ್ಲಿ ಕುಳಿತು ಕಲಿಸಿದವರು ಯಾರು? ಆ ಸೀಟಿನ ಇತಿಹಾಸ ಯಾರೂ ಬರೆದಂತಿಲ್ಲ. ಹುಡುಕುತ್ತಾ ಹೋದಂತೆ, ಅಕ್ಕೋರು ಹೇಳಿದ್ದು ನಗುವಂಥ ಮಾತಲ್ಲ ಎಂದು ಗೊತ್ತಾಯಿತು.

1888ರಿಂದ ಸುರು ಮಾಡೋಣ. ಆ ವರ್ಷ ಜರ್ಮನಿಯಲ್ಲಿ ಬರ್ಥಾ ಬೆಂಜ್ ಎಂಬ ತಾಯಿ ಗಂಡ ಮಾಡಿದ ಮೋಟಾರು ಗಾಡಿಯನ್ನು ಆತನಿಗೆ ಹೇಳದೆಯೇ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂಡ್ರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಹೋದಳು. ಎಣ್ಣೆಯ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಮೋಟಾರಿನಲ್ಲಿ ಅಷ್ಟು ದೂರ ಹೋದ ಮೊದಲ ಮನುಷ್ಯ ಜೀವಿ ಒಬ್ಬ ಹೆಣ್ಣುಮಗಳು!

ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ಇಟ್ಟರು. ಮುಂದೆ 1910ರಲ್ಲಿ ನಮ್ಮ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ ಕಾರಖಾನೆ ಕಟ್ಟಿದವರೂ ಅವರೇ. ಅವರು ಸೈಕಲ್ ಮಾರಿದ್ದಷ್ಟೇ ಅಲ್ಲ, 15 ರೂಪಾಯಿ ತೆಗೆದುಕೊಂಡು ಸೈಕಲ್ ಹೊಡೆಯಲು ಕಲಿಸುತ್ತಿದ್ದರಂತೆ. ನಮ್ಮ ಭಾಗದಲ್ಲಿ ಫೀ ಕೊಟ್ಟು ವಾಹನ ಕಲಿಯುವ ಪದ್ಧತಿಯ ಬೇರು ಅಲ್ಲಿ ಕಾಣುತ್ತದೆ. ಆ ಕಾಲದ ಬೆಳಗಾವಿಯಲ್ಲಿ ಯಾವ ಮನೆಯವರು ತಮ್ಮ ಹೆಣ್ಣುಮಗಳನ್ನು ಸೈಕಲ್ ಕಲಿಯಲು ಅಂಗಡಿಗೆ ಕಳಿಸಿಯಾರು, ಓದುಗರೇ ಊಹಿಸಬಹುದು.

ಹಾಗಾದರೆ ಮೊದಮೊದಲು ಕಾರು ಓಡಿಸಿದ ಹೆಂಗಸರು ಹೇಗೆ ಕಲಿತರು? ಬಹುಮಟ್ಟಿಗೆ ಮನೆಯಲ್ಲೇ ಕಾರು ಇದ್ದವರು, ಇಲ್ಲವೇ ಕಾರಿನ ವ್ಯವಹಾರದ ನಂಟು ಇದ್ದವರು. ಜೆ.ಆರ್.ಡಿ. ಟಾಟಾ ಅವರ ಫ್ರೆಂಚ್ ತಾಯಿ ಸುಜಾನ್ 1905ರಲ್ಲಿ ಕಾರು ಓಡಿಸಿದರು, ಭಾರತದಲ್ಲಿ ಅವರೇ ಮೊದಲಿಗರು ಎಂದು ಹೇಳುವುದುಂಟು. ಇಂಗ್ಲೆಂಡಿನಲ್ಲಿ ಡೊರೊಥಿ ಲೆವಿಟ್ ಎಂಬಾಕೆ ಕಾರಿನ ಪಂದ್ಯಗಳಲ್ಲಿ ಹೆಸರು ಮಾಡಿ, 1909ರಲ್ಲಿ ಹೆಂಗಸರಿಗಾಗಿಯೇ ಕಾರಿನ ಪುಸ್ತಕ ಬರೆದಳು. ಹಿಂದಿನಿಂದ ಬರುವ ಗಾಡಿ ನೋಡಲು ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ ಎಂಬ ಸಲಹೆ ಅದರಲ್ಲಿದೆ. ಕಾರಿಗೆ ಕನ್ನಡಿ ಸಾಮಾನ್ಯವಾಗುವುದಕ್ಕೂ ಮೊದಲಿನ ಮಾತದು. ರಾಣಿ ಅಲೆಕ್ಸಾಂಡ್ರಾಗೂ ರಾಜಕುಮಾರಿಯರಿಗೂ ಕಾರು ಕಲಿಸಿದವಳು ಆಕೆಯೇ ಎಂದು ಹೇಳುತ್ತಾರೆ. ಗಮನಿಸಿದಿರಾ? ರಾಣಿಗೂ ಪಕ್ಕದ ಸೀಟಿನಲ್ಲಿ ಹೆಣ್ಣುಮಗಳೇ ಬೇಕಾಯಿತು. ರಾಣಿ ಕೇಳಿದರೆ ಮರ್ಯಾದೆ, ಜತ್ತ ತಾಲೂಕಿನ ಅಕ್ಕೋರು ಕೇಳಿದರೆ ನಗೆ!

ಈಗ ನಮ್ಮ ಕಸುಬಿನ ಕಡೆ ಬರೋಣ. ಶಾಲೆಯ ಇತಿಹಾಸದಲ್ಲಿ ಇದೇ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. 1848ರಲ್ಲಿ ಪುಣೆಯಲ್ಲಿ ಜೋತಿರಾವ್ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಾಗ ಕಲಿಸಲು ನಿಂತವರು ಸಾವಿತ್ರಿಬಾಯಿ. 1866ರಲ್ಲಿ ಇಂಗ್ಲೆಂಡಿನಿಂದ ಬಂದ ಮೇರಿ ಕಾರ್ಪೆಂಟರ್ ಇಲ್ಲಿಯ ಶಾಲೆಗಳನ್ನು ಸುತ್ತಿ ನೋಡಿ, ಶಿಕ್ಷಕಿಯರನ್ನು ತಯಾರು ಮಾಡದೆ ಹೆಣ್ಣುಮಕ್ಕಳ ವಿದ್ಯೆ ಮುಂದೆ ಹೋಗದು, ಮೊದಲು ಅವರಿಗಾಗಿ ಟ್ರೇನಿಂಗ್ ಶಾಲೆ ತೆರೆಯಿರಿ ಎಂದು ಸರಕಾರದ ಬೆನ್ನು ಹತ್ತಿದರು. ನೂರಿಪ್ಪತ್ತು ವರ್ಷದ ಮೇಲೆ, 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಬಂತು. ಪ್ರಾಥಮಿಕ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರು, ಸಾಧ್ಯವಿದ್ದಷ್ಟೂ ಅವರಲ್ಲಿ ಒಬ್ಬರು ಹೆಣ್ಣುಮಗಳು ಎಂದು ಅದು ಹೇಳಿತು. ನಮ್ಮ ಗಡಿ ಹಳ್ಳಿಗಳಲ್ಲಿ ಹಳಬರನ್ನು ಕೇಳಿದರೆ ಹೇಳುತ್ತಾರೆ: ಅಕ್ಕೋರು ಬಂದ ಮೇಲೆ ದೊಡ್ಡ ಹುಡುಗಿಯರು ಶಾಲೆ ಬಿಡುವುದು ಕಡಿಮೆಯಾಯಿತು. ಇದು ಯಾರಿಗೂ ನಗೆಯ ವಿಷಯ ಅನಿಸಲಿಲ್ಲ.

ಇನ್ನು ಎರಡನೆಯ ಸರಕಾರಿ ಕಾಗದ ನೋಡಿ. ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂದು ಎರಡೇ ವರ್ಷಕ್ಕೆ, 1989ರ ಜುಲೈ 1ರಂದು, 1988ರ ಮೋಟಾರು ವಾಹನ ಕಾಯಿದೆ ಜಾರಿಗೆ ಬಂತು. ಜೊತೆಗೇ ಕೇಂದ್ರ ಮೋಟಾರು ವಾಹನ ನಿಯಮಗಳೂ ಬಂದವು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರಿಗೆ ಏನೇನು ಇರಬೇಕು ಎಂಬುದು ಅದರ 24ನೆಯ ನಿಯಮದಲ್ಲಿದೆ. 10ನೆಯ ತರಗತಿ ಪಾಸಾಗಿರಬೇಕು. ಐದು ವರ್ಷ ಗಾಡಿ ಓಡಿಸಿದ ಅನುಭವ ಇರಬೇಕು. ಅದರ ಮೇಲೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್ ಇಲ್ಲವೇ ಮೆಕ್ಯಾನಿಕಲ್ ಎಂಜಿನಿಯರಿಂಗಿನ ದೊಡ್ಡ ಓದು ಆಗಿರಬೇಕು. ಹೆಂಗಸರು ಬರಬಾರದು ಎಂದು ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. 1989ರಲ್ಲಿ ನಮ್ಮ ಕಡೆ ಐ.ಟಿ.ಐ.ಗೆ ಹೋದ ಹೆಣ್ಣುಮಕ್ಕಳು ಹೊಲಿಗೆಗೋ ಕಸೂತಿಗೋ ಹೋಗುತ್ತಿದ್ದರು, ಎಂಜಿನ್ ಬಿಚ್ಚುವ ವರ್ಗಕ್ಕೆ ಯಾರು ಹೋದಾರು? ಗಾಡಿಯೇ ಓಡಿಸದವರಿಗೆ ಐದು ವರ್ಷದ ಅನುಭವ ಎಲ್ಲಿಂದ ಬಂದೀತು? ಒಂದು ಕಾಗದ ಶಾಲೆಗೆ ಅಕ್ಕೋರನ್ನು ಕರೆಯಿತು, ಇನ್ನೊಂದು ಕಾಗದ ಕಾರಿನ ಬಾಗಿಲಿಗೆ ಗೊತ್ತಿಲ್ಲದೆಯೇ ಅಗಳಿ ಹಾಕಿತು. ಹೊಣೆ ಯಾರದೆಂದು ನಾವು ಹೇಳಲಾರೆವು. ಕಲಿಸುವವರಿಗೆ ಎಂಜಿನ್ ತಿಳಿದಿರಬೇಕು ಎಂಬುದರಲ್ಲಿ ತಪ್ಪೂ ಇಲ್ಲ. ಆದರೆ ಪರಿಣಾಮ ಮಾತ್ರ ನಮ್ಮ ಅಕ್ಕೋರ ಮುಗಿದುಹೋದ ಲೈಸನ್ಸಿನವರೆಗೆ ಬಂದು ನಿಂತಿತು.

ಓದು ಸಿಕ್ಕವರಿಗೆ ಬಾಗಿಲು ತೆರೆದದ್ದಕ್ಕೆ ಸಾಕ್ಷಿಯೂ ನಮ್ಮ ಪಕ್ಕದಲ್ಲೇ ಇದೆ. ಸಾತಾರಾದ ಸುರೇಖಾ ಯಾದವ್ ಕರಾಡದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದರು. ಆ ಕಾಗದದ ಬಲದಿಂದಲೇ ರೈಲಿಗೆ ಸೇರಿ ದೇಶದ ಮೊದಲ ರೈಲು ಚಾಲಕಿಯಾದರು. 2023ರ ಮಾರ್ಚ್‌ನಲ್ಲಿ ಅವರು ವಂದೇ ಭಾರತ್ ಓಡಿಸಿದ್ದು ನಮ್ಮ ಸೊಲ್ಲಾಪುರದಿಂದಲೇ, ಮುಂಬಯಿಗೆ. 2025ರಲ್ಲಿ ನಿವೃತ್ತರಾದರು. ಬೆಂಗಳೂರಿನ ಬಿ.ಎಂ.ಟಿ.ಸಿ.ಯಲ್ಲಿ 2009ರಲ್ಲಿ ಮೊದಲ ಮಹಿಳಾ ಚಾಲಕಿಯಾಗಿ ಸೇರಿದ ಪ್ರೇಮಾ ರಾಮಪ್ಪ ನಡಪಟ್ಟಿ ಬೆಳಗಾವಿ ಜಿಲ್ಲೆಯವರು. ನಮ್ಮ ಮಹಾರಾಷ್ಟ್ರದ ಎಸ್.ಟಿ. ಮಾತ್ರ ನಿಧಾನ. 1948ರಲ್ಲಿ ಪುಣೆ-ಅಹಮದನಗರ ದಾರಿಯಲ್ಲಿ ಮೊದಲ ಬಸ್ಸು ಬಿಟ್ಟಿದ್ದು, ಅದರ ಸ್ಟಿಯರಿಂಗಿಗೆ ಹೆಣ್ಣುಮಕ್ಕಳ ಕೈ ಹತ್ತಿದ್ದು 2023ರಲ್ಲಿ. ಎಪ್ಪತ್ತೈದು ವರ್ಷ!

ಕಲಿಸುವವರು ಹೆಂಗಸರಾದಾಗ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಪುದುಕ್ಕೋಟೆಯನ್ನು ನೋಡಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ಚಳವಳಿ ಅಕ್ಷರದ ಜೊತೆ ಸೈಕಲ್ಲನ್ನೂ ಸೇರಿಸಿತು. ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಬ್ಯಾಂಕುಗಳಿಂದ ಸೈಕಲ್ಲಿಗೆ ಸಾಲ ಕೊಡಿಸಿದರು. ಕಲಿತವಳು ಇನ್ನೊಬ್ಬಳ ಸೀಟು ಹಿಡಿದು ಓಡಿದಳು, ಆಕೆ ಮತ್ತೊಬ್ಬಳದು. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಸೈಕಲ್ ಹೊಡೆದರು. ಲೇಡೀಸ್ ಸೈಕಲ್ ಸಿಗದಾದಾಗ ಗಂಡಸರ ಸೈಕಲ್ಲೇ ಚಲೋ ಅಂದವರೂ ಇದ್ದರಂತೆ. ನಡುವಿನ ದಂಡೆಯ ಮೇಲೆ ಕೂಸನ್ನು ಕೂಡ್ರಿಸಬಹುದಲ್ಲ! ಇಷ್ಟು ಬೇಗ ಹಬ್ಬಿದ ಕಲಿಕೆಯಲ್ಲಿ, ನಮ್ಮ ಅಭಿಪ್ರಾಯದಲ್ಲಿ, ಸೈಕಲ್ಲಿಗಿಂತ ಸೀಟು ಹಿಡಿದ ಕೈಗಳ ಪಾಲು ದೊಡ್ಡದು.

ದೂರದ ಸೌದಿ ಅರೇಬಿಯಾದಲ್ಲೂ ಅದೇ ಕಥೆ. 1990ರ ನವೆಂಬರದಲ್ಲಿ 47 ಹೆಂಗಸರು ರಿಯಾದಿನ ರಸ್ತೆಯಲ್ಲಿ ಕಾರು ಓಡಿಸಿ ಸರಕಾರದ ಸಿಟ್ಟಿಗೆ ಗುರಿಯಾಗಿದ್ದರು. 2018ರ ಜೂನ್ 24ರಂದು ಹೆಂಗಸರಿಗೆ ಗಾಡಿ ಓಡಿಸಲು ಅನುಮತಿ ಸಿಕ್ಕಿತು. ಅನುಮತಿಯ ಬೆನ್ನಿಗೇ ಕಲಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ರಿಯಾದಿನ ಮಹಿಳಾ ವಿಶ್ವವಿದ್ಯಾಲಯದಲ್ಲಿಯೇ ಡ್ರೈವಿಂಗ್ ಸ್ಕೂಲ್ ತೆರೆದು, ಹೊರದೇಶಗಳಲ್ಲಿ ಲೈಸನ್ಸು ಪಡೆದು ಬಂದಿದ್ದ ಹೆಂಗಸರನ್ನು ಪಕ್ಕದ ಸೀಟಿಗೆ ಕೂಡ್ರಿಸಿದರು.

ಇಷ್ಟೆಲ್ಲ ಓದಿ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. ಹೆಣ್ಣಿಗೆ ಹೆಣ್ಣೇ ಕಲಿಸಬೇಕು ಅಂದರೆ ಹಳೆಯ ಪರದೆಯನ್ನೇ ಮತ್ತೆ ಎಳೆದಂತೆ ಆಗುವುದಿಲ್ಲವೇ? ಇರಬಹುದು. ಗಂಡಸರ ಹತ್ತಿರ ಚೆನ್ನಾಗಿ ಕಲಿತ ಹೆಂಗಸರು ಬಹಳ ಮಂದಿ ಇದ್ದಾರೆ, ಕಲಿಸುವ ಗಂಡಸರೆಲ್ಲ ಕೆಟ್ಟವರೂ ಅಲ್ಲ. ಆದರೆ ಸಣ್ಣ ಕಾರಿನೊಳಗೆ ಒಮ್ಮೆ ಕುಳಿತು ನೋಡಿ. ಎರಡು ಸೀಟಿನ ನಡುವೆ ಗೇಣು ಜಾಗ. ಗೇರು ಬೀಳದಿದ್ದರೆ ಕೈಯ ಮೇಲೆ ಕೈ ಬರುತ್ತದೆ, ಸ್ಟಿಯರಿಂಗ್ ತಿರುಗದಿದ್ದರೆ ಮೈಗೆ ಅಡ್ಡವಾಗಿ ತೋಳು ಬರುತ್ತದೆ. ಅಪರಿಚಿತರಾದರೆ ಅರ್ಧ ಲಕ್ಷ್ಯ ಅಲ್ಲಿಯೇ ಹೋಯಿತು. ಉಳಿದರ್ಧ ಲಕ್ಷ್ಯದಲ್ಲಿ ಎದುರಿನ ಟ್ರ್ಯಾಕ್ಟರು, ಕಬ್ಬಿನ ಗಾಡಿ, ರಸ್ತೆಗೆ ಅಡ್ಡ ಬಂದ ಎಮ್ಮೆ ನೋಡಬೇಕು.

ಗಡಿಯವರಾದ ನಮಗೆ ಇನ್ನೊಂದು ತೊಡಕು ಉಂಟು. ಅದೇ 24ನೆಯ ನಿಯಮ, ಕಲಿಸುವವರಿಗೆ ಇಂಗ್ಲಿಷ್ ಅಥವಾ ಆ ಪ್ರದೇಶದ ಭಾಷೆ ಬರಬೇಕು ಅನ್ನುತ್ತದೆ. ಕಾಗದದ ಮೇಲೆ ನಮ್ಮ ಪ್ರದೇಶದ ಭಾಷೆ ಮರಾಠಿ. ನಮಗೆಲ್ಲ ಮರಾಠಿ ಬರುತ್ತದೆ, ಪ್ರೀತಿಯ ಭಾಷೆಯೂ ಹೌದು. ಆದರೆ ಹೆದರಿದಾಗ ತಲೆ ಓಡುವುದು ಮನೆಮಾತಿನಲ್ಲಿ. "ಡಾವೀಕಡೆ!" ಎಂದು ಪಕ್ಕದವರು ಕೂಗಿದರೆ ಅದು ಒಳಗೆ "ಎಡಕ್ಕ" ಆಗಿ ಕೈಗೆ ಮುಟ್ಟುವಷ್ಟರಲ್ಲಿ ಗಾಡಿ ಗಟಾರಿನ ಅಂಚಿಗೆ ಬಂದಿರುತ್ತದೆ. ಕನ್ನಡ ಮಾಧ್ಯಮದ ಶಾಲೆ ಯಾಕೆ ಬೇಕು ಎಂದು ಕೇಳುವವರಿಗೆ ನಾವು ಈಗ ಈ ಉದಾಹರಣೆಯನ್ನೂ ಕೊಡುತ್ತೇವೆ.

ದಾರಿ ಸಿಕ್ಕಿದ್ದು ಕೊನೆಗೆ ಅದೇ ನಿಯಮಗಳ ಪುಸ್ತಕದಲ್ಲಿ. 24ನೆಯ ನಿಯಮ ಡ್ರೈವಿಂಗ್ ಸ್ಕೂಲಿನವರಿಗೆ. ಕಲಿಯುವವರಿಗೆ ಇರುವುದು 3ನೆಯ ನಿಯಮ. ಕಲಿಯುವವರ ಪಕ್ಕದಲ್ಲಿ ಆ ಗಾಡಿ ಓಡಿಸುವ ಚಾಲ್ತಿ ಲೈಸನ್ಸು ಇದ್ದವರು ಕುಳಿತಿರಬೇಕು, ಬೇಕಾದಾಗ ಗಾಡಿ ಹಿಡಿತಕ್ಕೆ ತರಲು ಇಲ್ಲವೇ ನಿಲ್ಲಿಸಲು ಬರುವಂತೆ ಕೂತಿರಬೇಕು, ಗಾಡಿಯ ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು, ಅಷ್ಟೇ. ಮೆಕ್ಯಾನಿಕ್ ಸರ್ಟಿಫಿಕೇಟ್ ಇಲ್ಲಿ ಬೇಕಿಲ್ಲ. ಹಣ ತೆಗೆದುಕೊಂಡು ಕಲಿಸಿದರೆ ಮಾತ್ರ ಅದು ಸ್ಕೂಲಾಗುತ್ತದೆ, ಪರವಾನಗಿ ಬೇಕಾಗುತ್ತದೆ.

ವಿಜಾಪುರದಲ್ಲಿ ನಮ್ಮ ಅಕ್ಕೋರ ನಾದಿನಿಗೆ ಲೈಸನ್ಸು ಇತ್ತು, ಹತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದರು. ಅಕ್ಕೋರು ಮತ್ತೊಂದು ಕಲಿಕಾ ಲೈಸನ್ಸು ತೆಗೆಸಿದರು. ನಮ್ಮ ಚಿತ್ರಕಲೆಯ ಗುರೂಜಿ 18 ಸೆಂಟಿಮೀಟರ್ ಚೌಕದ ಎರಡು 'ಎಲ್' ಹಲಗೆ ಅಳತೆ ಹಿಡಿದು ಬರೆದುಕೊಟ್ಟರು. ಬ್ರೇಕಿಗೆ ಗಂಡು ಹೆಣ್ಣು ಗೊತ್ತೇನ್ರಿ ಅಂದವರು ಇವರೇ. ನಾದಿನಿ ರವಿವಾರಕ್ಕೊಮ್ಮೆ ಬರುತ್ತಿದ್ದರು. ಅಮಾವಾಸ್ಯೆಗೆ ದಾನಮ್ಮನ ದರ್ಶನಕ್ಕೆ ಬಂದ ಗಾಡಿಗಳು ಕಿಕ್ಕಿರಿಯುವ ಬಯಲು ಉಳಿದ ದಿನ ಖಾಲಿ. ಅಲ್ಲಿ ಸುರುವಾಯಿತು. ಮನೆಯ ಕಾರಿನಲ್ಲಿ ಸ್ಕೂಲಿನ ಗಾಡಿಯಂತೆ ಪಕ್ಕದವರ ಕಾಲಿಗೆ ಇನ್ನೊಂದು ಬ್ರೇಕ್ ಇರುವುದಿಲ್ಲ. ಹೀಗಾಗಿ ನಾದಿನಿಯ ಬಲಗೈ ಸದಾ ಹ್ಯಾಂಡ್‌ಬ್ರೇಕಿನ ಮೇಲೆ. ಬಯಲು ಬಿಟ್ಟು ರಸ್ತೆಗೆ ಬರಲು ಆರು ರವಿವಾರ ಬೇಕಾದವು. ಸ್ಕೂಲಿನಲ್ಲಾದರೆ ಕಾರಿಗೆ 21 ದಿನಕ್ಕೆ ಕಡಿಮೆ ಇಲ್ಲದ ತರಬೇತಿ, ಅದರಲ್ಲಿ ಕನಿಷ್ಠ ಹತ್ತು ತಾಸು ಗಾಡಿ ಓಡಿಸುವುದು ಎಂದು ನಿಯಮ ಇದೆ. ಇವರು ವಹಿಯಲ್ಲಿ ಬರೆದಿಟ್ಟ ಲೆಕ್ಕ ಹದಿನೇಳು ತಾಸಿಗೆ ಮುಟ್ಟಿತು. ಪರೀಕ್ಷೆಯಲ್ಲಿ ರಿವರ್ಸಿಗೆ ಒಮ್ಮೆ ಎಡವಿದರು, ಎರಡನೆಯ ಸಲ ಪಾಸಾದರು.

ಆಮೇಲೆ ಒಂದು ದಿನ ಮಧ್ಯಾಹ್ನ ಬಿಸಿಯೂಟ ಮಾಡುವ ತಾಯಿ ಕೈ ಒರೆಸಿಕೊಳ್ಳುತ್ತಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಮಗ ಸ್ಕೂಟಿ ಕೊಡಿಸಿದ್ದಾನಂತೆ. "ಅಕ್ಕೋರ, ಇತವಾರ ನನ್ನ ಹಿಂದ ನೀವ ಕುಂದರ್ತೀರೇನ್ರಿ?" ಅಕ್ಕೋರು ಒಂದು ಕ್ಷಣ ನಮ್ಮ ಮುಖ ನೋಡಿದರು. ಅವರ ಲೈಸನ್ಸು ಬರೇ ಕಾರಿನದು. ಎರಡು ಚಕ್ರದ ಗಾಡಿಯಲ್ಲಿ ಹಿಂದೆ ಕುಳಿತು ಕಲಿಸುವವರಿಗೆ ಅದರ ಲೈಸನ್ಸೇ ಬೇಕು.

"ಸ್ವಲ್ಪ ತಡೀಬೇಕಲ್ಲವಾ" ಅಂದರು. ಮರುದಿನ ಅವರ ಟೇಬಲ್ಲಿನ ಮೇಲೆ ಮತ್ತೊಂದು ಕಲಿಕಾ ಲೈಸನ್ಸಿನ ಅರ್ಜಿ ಇತ್ತು.